ಮೂರು ವರ್ಷ ಬಳಸಿದ ಶೇರ್ಡ್ ಹೋಸ್ಟಿಂಗ್: ಪಿಎಚ್‌ಪಿ ವರ್ಷನ್ ಬದಲಾಯಿಸೋದಕ್ಕೆ ಡಿಸ್ಟಿಂಕ್ಷನ್, ಮಿಕ್ಕಿದ್ದಕ್ಕೆ ಜಸ್ಟ್ ಪಾಸ್

ಕಂಪನಿ ಹೆಸರು ಹೇಳಲ್ಲ, ಕೇಳ್ಬೇಡಿ. ಇನ್ನೂ ಮೂರು ಸೈಟ್ ಅವರ ಹತ್ರನೇ ಇದೆ. ಅದೂ ಅಲ್ದೆ ನಾನಿಲ್ಲಿ ಹೊಗಳೋದು ಬೈಯೋದು ಎರಡೂ ಸಿಪ್ಯಾನೆಲ್ (ಬ್ರೌಸರಿಂದ್ಲೇ ಹೋಸ್ಟಿಂಗ್ ಸಂಭಾಳಿಸೋ ಪ್ಯಾನೆಲ್) ಕೊಡೋ ಯಾವ ಶೇರ್ಡ್ ಹೋಸ್ಟಿಂಗ್‌ಗಾದ್ರೂ (ಒಂದೇ ಸರ್ವರನ್ನ ತುಂಬಾ ಜನ ಹಂಚ್ಕೊಳ್ಳೋದು) ಹೆಚ್ಚುಕಮ್ಮಿ ಹೊಂದುತ್ತೆ, ಹಾಗಾಗಿ ಹೆಸರಿಂದ ನಿಮಗೇನೂ ಉಪಯೋಗ ಇಲ್ಲ. ಸ್ಟಾರ್ ಕೊಡು ಅಂದ್ರೆ ಐದಕ್ಕೆ ಮೂರೂವರೆ.

ನಂದು ದೊಡ್ಡ ವ್ಯವಹಾರ ಏನಲ್ಲ. ಒಂದೇ ಅಕೌಂಟಲ್ಲಿ ಮೂರು ಸೈಟು. ಮೇನ್ ಡೊಮೈನ್ ನಮ್ಮೂರ ಒಂದು ಶಾಲೇದು, ಎರಡನೇದು ಒಂದು ಕಲ್ಯಾಣ ಮಂಟಪದ್ದು, ಮೂರನೇದು ಚಿಕ್ಕಮ್ಮನ ಅಡುಗೆ ಬ್ಲಾಗು, ಅದು ವರ್ಡ್‌ಪ್ರೆಸ್, ಅಂದ್ರೆ ಸೈಟ್ ನಡೆಸೋಕೆ ಸಿಗೋ ರೆಡಿಮೇಡ್ ಸಾಫ್ಟ್‌ವೇರ್. ಶಾಲೇದು ಮಂಟಪದ್ದು ಎರಡೂ ಯಾರೋ ಪುಣ್ಯಾತ್ಮರು ಹತ್ತು ವರ್ಷದ ಹಿಂದೆ ಕೈಯಲ್ಲೇ ಬರೆದ ಕೋಡು, ಅವರು ಈಗ ಫೋನ್ ಎತ್ತಲ್ಲ, ನಾನು ಆವಾಗಿವಾಗ ತೇಪೆ ಹಾಕ್ಕೊಂಡು ನಡೆಸ್ತಿದೀನಿ.

ದುಡ್ಡಿನ ವಿಷಯ ಮೊದಲು ಮುಗಿಸ್ಬಿಡ್ತೀನಿ. ಮೊದಲನೇ ವರ್ಷ ಆಫರಲ್ಲಿ 1,800, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 2,124. ರಿನ್ಯೂವಲ್‌ಗೆ ಹೋದಾಗ 4,900 ಪ್ಲಸ್ ಜಿಎಸ್‌ಟಿ, ಅಂದ್ರೆ 5,782. ತಿಂಗಳಿಗೆ ಇಷ್ಟೇ ಅಂತ ದೊಡ್ಡದಾಗಿ ಬರೆದಿರ್ತಾರಲ್ಲ, ಅದರ ಕೆಳಗಿರೋ ಸಣ್ಣ ಅಕ್ಷರ ಓದಿದ್ರೆ ನಂಗೂ ಮೊದಲೇ ಗೊತ್ತಾಗ್ತಿತ್ತು, ಓದಿರ್ಲಿಲ್ಲ, ತಪ್ಪು ನಂದೇ.

ಈಗ ವಿಷಯಕ್ಕೆ ಬರೋಣ. ಹೋಸ್ಟಿಂಗ್ ರಿವ್ಯೂ ಅಂದ್ರೆ ಎಲ್ರೂ ಸ್ಪೀಡು, ಅಪ್‌ಟೈಮು, ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತು ಅಂತಾರೆ. ನನ್ನಂಥ ಹಳೇ ಕೋಡ್ ಮೇಯಿಸೋನಿಗೆ ಬೇಕಾಗಿರೋದು ಒಂದೇ, ಯಾವ ಸೈಟಿಗೆ ಪಿಎಚ್‌ಪಿಯ (ಈ ಸೈಟುಗಳ ಕೋಡ್ ಬರೆದಿರೋ ಭಾಷೆ) ಯಾವ ವರ್ಷನ್ ಅನ್ನೋದು ನನ್ನ ಕೈಯಲ್ಲಿದೆಯಾ ಇಲ್ವಾ ಅಂತ. ಯಾಕಂದ್ರೆ ಶೇರ್ಡ್ ಹೋಸ್ಟಿಂಗಲ್ಲಿ ಸರ್ವರ್ ನಮ್ದಲ್ಲ, ವಠಾರದ ಮನೆ ಇದ್ದಂಗೆ, ಮೋಟಾರ್ ಯಾವಾಗ ಹಾಕ್ಬೇಕು ಅಂತ ಓನರ್ ಹೇಳ್ತಾನೆ. ಹಿಂದೆಲ್ಲ ಇಡೀ ಸರ್ವರಿಗೆ ಒಂದೇ ವರ್ಷನ್ ಇರ್ತಿತ್ತು, ಅವರು ಏರಿಸಿದ ದಿನ ನಮ್ಮ ಸೈಟ್ ಬಿದ್ದೋಗೋದು. ಹಳೇ ಕೋಡಲ್ಲಿ ಡೇಟಾಬೇಸಿಗೆ ಸೇರಿಸೋಕೆ ಮೈಎಸ್‌ಕ್ಯೂಎಲ್ ಕನೆಕ್ಟ್ ಅಂತ ಬರೆದಿರೋದು ಪಿಎಚ್‌ಪಿ 7.0 ಇಂದ ಇಲ್ವೇ ಇಲ್ಲ, ಕಿತ್ತೇ ಹಾಕಿದಾರೆ, ಅದು ಬಂದಿದ್ದು 2015ರ ಡಿಸೆಂಬರಲ್ಲಿ. ಮಂಟಪದ ಸೈಟಲ್ಲಿ ಅದನ್ನೆಲ್ಲ ಹುಡುಕಿ ಅದರ ಬದಲಿಗೆ ಬಂದ ಮೈಎಸ್‌ಕ್ಯೂಎಲ್‌ಐ ಮಾಡೋ ಅಷ್ಟೊತ್ತಿಗೆ ನನ್ನ ಒಂದು ದಸರಾ ರಜೆ ಪೂರ್ತಿ ಹೋಗಿತ್ತು.

ಇವರ ಹತ್ರ ಬರೋಕೂ ಮೊದಲು ಬೇರೆ ಕಡೆ ಇದ್ದೆ. ಅಲ್ಲಿಂದ ಫೈಲೆಲ್ಲ ಜಿಪ್ ಮಾಡ್ಕೊಂಡು ಇಲ್ಲಿ ಬಿಚ್ಚಿ, ಡೊಮೈನ್ ತಿರುಗಿಸಿ, ಖುಷಿಯಿಂದ ಬ್ರೌಸರಲ್ಲಿ ಶಾಲೆ ಸೈಟ್ ತೆಗೆದ್ರೆ ಪೇಜ್ ಬರ್ಲಿಲ್ಲ, ಒಂದು ಫೈಲ್ ಡೌನ್‌ಲೋಡ್ ಆಯ್ತು. ಏನಪ್ಪಾ ಅಂತ ಆ ಫೈಲ್ ನೋಟ್‌ಪ್ಯಾಡಲ್ಲಿ ತೆಗೆದ್ರೆ ನಮ್ಮ ಇಂಡೆಕ್ಸ್ ಪೇಜಿನ ಕೋಡು, ಹಂಗೇ ಬೆತ್ತಲೆಯಾಗಿ. ಅಂದ್ರೆ ಆ ಹೊತ್ತಲ್ಲಿ ಯಾರಾದ್ರೂ ಕಾನ್ಫಿಗ್ ಫೈಲಿನ ಹೆಸರು ಟೈಪ್ ಮಾಡಿದ್ದಿದ್ರೆ ಡೇಟಾಬೇಸ್ ಪಾಸ್‌ವರ್ಡೂ ಡೌನ್‌ಲೋಡ್ ಆಗ್ತಿತ್ತು. ಎದೆ ಧಸಕ್ ಅಂತು. ಆಮೇಲೆ ಗೊತ್ತಾಗಿದ್ದು ಏನಂದ್ರೆ, ಸಿಪ್ಯಾನೆಲಲ್ಲಿ ವರ್ಷನ್ ಆರಿಸಿದಾಗ ಅದು ಎಲ್ಲೋ ಗುಟ್ಟಾಗಿ ಸೇವ್ ಆಗೋದಲ್ಲ, ನಮ್ಮ ಫೋಲ್ಡರಲ್ಲೇ ಇರೋ ಎಚ್‌ಟಿಆಕ್ಸೆಸ್ ಅನ್ನೋ ಸೆಟ್ಟಿಂಗ್ ಫೈಲಿನ ಕೆಳಗೆ ಒಂದು ಸಾಲು ಬರೆದಿಡುತ್ತೆ, ಪಿಎಚ್‌ಪಿ ಫೈಲುಗಳನ್ನ ಇಂಥ ವರ್ಷನ್ ಕೈಗೆ ಕೊಡು ಅಂತ. ಹಳೇ ಹೋಸ್ಟಿನ ಎಚ್‌ಟಿಆಕ್ಸೆಸ್ ಹಂಗೇ ಎತ್ಕೊಂಡು ಬಂದಿದ್ದೆ, ಅದರಲ್ಲಿ ಹೇಳಿದ್ದ ವರ್ಷನ್ ಈ ಸರ್ವರಲ್ಲಿ ಇನ್‌ಸ್ಟಾಲೇ ಆಗಿರ್ಲಿಲ್ಲ, ಅಪಾಚೆಗೆ (ಸರ್ವರಲ್ಲಿ ಕೂತು ಪೇಜ್ ಕಳಿಸೋ ಸಾಫ್ಟ್‌ವೇರ್) ಇದನ್ನ ಯಾರಿಗೆ ಕೊಡ್ಬೇಕು ಅಂತ ಗೊತ್ತಾಗ್ದೆ ಫೈಲನ್ನೇ ಎತ್ತಿ ಕೊಟ್ಬಿಡ್ತು. ಹೋಸ್ಟ್ ಬದಲಾಯಿಸೋರು ಮೊದಲು ಆ ಸಾಲು ಅಳಿಸಿ, ಆಮೇಲೆ ಹೊಸ ಕಡೆ ವರ್ಷನ್ ಆರಿಸಿ, ಅದಾದ್ಮೇಲೆ ಡೊಮೈನ್ ತಿರುಗಿಸಿ. ನಾನು ಆ ರಾತ್ರಿನೇ ಪಾಸ್‌ವರ್ಡ್ ಎಲ್ಲಾ ಬದಲಾಯಿಸಿ ಮಲಗಿದ್ದು.

ಇನ್ನು ಆ ಮೆನು ಹೆಂಗಿದೆ ಅಂದ್ರೆ, ಸಿಪ್ಯಾನೆಲ್ ಒಳಗೆ ಹೋದ್ರೆ ಸಾಫ್ಟ್‌ವೇರ್ ಅನ್ನೋ ಭಾಗದಲ್ಲಿ ಮಲ್ಟಿಪಿಎಚ್‌ಪಿ ಮ್ಯಾನೇಜರ್ ಅಂತ ಇರುತ್ತೆ. ಡೊಮೈನ್ ಪಟ್ಟಿ, ಪಕ್ಕದಲ್ಲಿ ಚೆಕ್‌ಬಾಕ್ಸು, ಮೇಲೆ ವರ್ಷನ್ ಡ್ರಾಪ್‌ಡೌನು, ಅಪ್ಲೈ ಬಟನ್. ಅಷ್ಟೇ. ಟಿಕ್ ಹಾಕಿ, ಆರಿಸಿ, ಅಪ್ಲೈ ಒತ್ತಿ, ಸೈಟ್ ರಿಫ್ರೆಶ್ ಮಾಡೋ ಹೊತ್ತಿಗೆ ಹೊಸ ವರ್ಷನ್ ಓಡ್ತಿರುತ್ತೆ. ಸರಿಹೋಗ್ಲಿಲ್ವಾ, ಅದೇ ಜಾಗದಲ್ಲಿ ವಾಪಸ್ ಹಳೇದು ಒತ್ತಿ. ಈ ಒಂದು ಸೌಕರ್ಯಕ್ಕೇ ನಾನು ಇವರ ರಿನ್ಯೂವಲ್ ರೇಟ್ ಸಹಿಸ್ಕೊಂಡಿರೋದು. ಇವರ ಪಟ್ಟಿಯಲ್ಲಿ 5.6 ಇಂದ ಹಿಡಿದು 8.3 ತನಕ ಎಲ್ಲಾ ಇದೆ. ಮಧ್ಯದಲ್ಲಿ 6 ಮಾತ್ರ ಇಲ್ಲ, ಅದನ್ನ ಹುಡುಕ್ಬೇಡಿ, ಅದು ಹುಟ್ಟೇ ಇಲ್ಲ, ಅದರ ಕಥೆ ಆಮೇಲೆ ಹೇಳ್ತೀನಿ.

ಆದ್ರೆ ಆ ಪಟ್ಟಿಯಲ್ಲಿ ಇನ್‌ಹೆರಿಟ್ ಅಂತ ಒಂದು ಪದ ಇದೆ ನೋಡಿ, ನಂಗೆ ಗುಂಡಿ ತೋಡಿದ್ದು ಅದೇ.

ಶಾಲೆ ಸೈಟು 7.4ರಲ್ಲಿ ಓಡ್ತಿತ್ತು. 7.4ಕ್ಕೆ 2022ರ ನವೆಂಬರ್ 28ಕ್ಕೇ ಸೆಕ್ಯುರಿಟಿ ಅಪ್‌ಡೇಟ್ ನಿಂತೋಗಿದೆ, 8.0ದು 2023ರ ನವೆಂಬರ್ 26ಕ್ಕೆ, 8.1ದು 2025ರ ಡಿಸೆಂಬರ್ 31ಕ್ಕೆ, ಹಾಗಾಗಿ 8.2ಕ್ಕೆ ಹಾಕೋಣ ಅಂತ ಒಂದು ಭಾನುವಾರ ಕೂತೆ. ಶಾಲೆ ಡೊಮೈನಿಗೆ ಟಿಕ್ ಹಾಕಿ 8.2 ಕೊಟ್ಟೆ, ಎಲ್ಲಾ ಪೇಜ್ ತೆಗೆದು ನೋಡಿದೆ, ಎರಡು ಸಣ್ಣ ವಾರ್ನಿಂಗ್ ಇತ್ತು ಸರಿ ಮಾಡಿದೆ, ಕಾಫಿ ಕುಡಿದೆ, ಮುಗೀತು ಅಂದ್ಕೊಂಡೆ.

ಹನ್ನೊಂದು ದಿನ ಆದ್ಮೇಲೆ ಕಲ್ಯಾಣ ಮಂಟಪದ ಯಜಮಾನ್ರು ಫೋನು. "ಏನ್ ತಮ್ಮಾ, ನಮ್ ಮಂಟಪ ವರ್ಷಪೂರ್ತಿ ಬುಕ್ ಆಗಿದ್ಯಂತೆ? ನಂಗೇ ಗೊತ್ತಿಲ್ಲ ನೋಡು." ಮೊದಲು ತಮಾಷೆ ಮಾಡ್ತಿದಾರೆ ಅಂದ್ಕೊಂಡೆ. ಸೈಟ್ ತೆಗೆದು ನೋಡಿದ್ರೆ ಕ್ಯಾಲೆಂಡರ್ ಪೂರ್ತಿ ಕೆಂಪು. ಇವತ್ತಿಂದ ಹಿಡಿದು ಮುಂದಿನ ವರ್ಷದ ತನಕ ಪ್ರತಿ ದಿನ ಬುಕ್ಡ್ ಬುಕ್ಡ್ ಬುಕ್ಡ್. ಆಷಾಢದಲ್ಲೂ ಬುಕ್ಡ್! ಆಷಾಢದಲ್ಲಿ ಯಾರಪ್ಪಾ ಮದುವೆ ಮಾಡ್ತಾರೆ, ಅಷ್ಟು ನೋಡಿದ್ರೂ ಅನುಮಾನ ಬರ್ಬೇಕಿತ್ತು ಜನಕ್ಕೆ. ಏಪ್ರಿಲ್ ತಿಂಗಳು, ಮುಹೂರ್ತದ ಸೀಸನ್ನು, ಹನ್ನೊಂದು ದಿನ ಒಂದೇ ಒಂದು ಎನ್‌ಕ್ವೈರಿ ಬಂದಿಲ್ಲ ಅವರಿಗೆ.

ನಾನು ಮಂಟಪದ ಸೈಟನ್ನ ಮುಟ್ಟೇ ಇರ್ಲಿಲ್ಲ. ಎರರ್ ಲಾಗ್ ನೋಡಿದೆ, ಒಂದು ಎರರ್ ಇಲ್ಲ. ಡೇಟಾಬೇಸ್ ನೋಡಿದೆ, ಸರಿ ಇದೆ. ಕೊನೆಗೆ ಮಲ್ಟಿಪಿಎಚ್‌ಪಿ ಮ್ಯಾನೇಜರ್ ತೆಗೆದ್ರೆ ಮಂಟಪದ ಡೊಮೈನ್ ಮುಂದೆ 8.2, ಇನ್‌ಹೆರಿಟೆಡ್ ಅಂತ ಇದೆ. ಹೆಂಗೆ ಅಂದ್ರೆ, ಶೇರ್ಡ್ ಹೋಸ್ಟಿಂಗಲ್ಲಿ ಎರಡನೇ ಡೊಮೈನ್ ಸೇರಿಸುವಾಗ ಅದರ ಫೋಲ್ಡರ್ ಮೇನ್ ಡೊಮೈನಿನ ಫೋಲ್ಡರ್ ಒಳಗೇ ಕೂರಿಸಿದ್ದೆ, ತುಂಬಾ ಜನ ಹಂಗೇ ಮಾಡೋದು. ಅಪಾಚೆ ಮೇಲಿನ ಫೋಲ್ಡರಿನ ಎಚ್‌ಟಿಆಕ್ಸೆಸ್‌ನ ಒಳಗಿನ ಫೋಲ್ಡರಿಗೂ ಅನ್ವಯಿಸುತ್ತೆ, ಒಳಗಡೆಯದಕ್ಕೆ ಬೇರೆ ಸಾಲು ಬರೆದಿಲ್ಲ ಅಂದ್ರೆ. ಅಪ್ಪನ ಆಸ್ತಿ ಮಗನಿಗೆ ಬಂದಂಗೆ ಶಾಲೆ ವರ್ಷನ್ ಮಂಟಪಕ್ಕೆ ಬಂತು.

ಸರಿ, ಬಂದ್ರೆ ಬರ್ಲಿ, ಎರರ್ ಇಲ್ದೆ ಯಾಕೆ ಎಲ್ಲಾ ಬುಕ್ಡ್? ಇದು ನಂಗೆ ಇಡೀ ರಾತ್ರಿ ತಿಂತು. ಹಳೇ ಕೋಡ್ ಬರೆದ ಪುಣ್ಯಾತ್ಮರು ಬುಕ್ ಆಗಿರೋ ದಿನಕ್ಕೆ ಡೇಟಾಬೇಸಲ್ಲಿ 1 ಅಂತ, ಬುಕ್ ಆಗದಿರೋ ದಿನಕ್ಕೆ ಕನ್ನಡದಲ್ಲೇ "ಖಾಲಿ" ಅಂತ ಬರೆದಿಟ್ಟಿದ್ರು. ಆಮೇಲೆ ಕೋಡಲ್ಲಿ ಕೇಳಿರೋದು ಏನು, ಸ್ಟೇಟಸ್ == 0 ಆಗಿದ್ರೆ ಹಸಿರು ತೋರ್ಸು ಅಂತ. ಪಿಎಚ್‌ಪಿ 7.4 ತನಕ ಅಕ್ಷರವನ್ನ ಸೊನ್ನೆ ಜೊತೆ ಹೋಲಿಸಿದ್ರೆ ಅದು ಅಕ್ಷರವನ್ನ ನಂಬರ್ ಮಾಡೋಕೆ ಹೋಗಿ, ಆಗ್ದೆ, ಸೊನ್ನೆ ಅಂದ್ಕೊಂಡು ಹೌದು ಎರಡೂ ಒಂದೇ ಅಂತಿತ್ತು. "ಖಾಲಿ" ಅನ್ನೋದು ಸೊನ್ನೆಗೆ ಸಮ, ನಿಜ ಹೇಳ್ಬೇಕಂದ್ರೆ ಅರ್ಥದಲ್ಲೂ ಸರಿನೇ! 8.0 ಇಂದ ಆ ನಿಯಮ ತಿರುಗಿಸಿದಾರೆ, ಈಗ ಸೊನ್ನೆಯನ್ನೇ ಅಕ್ಷರ ಮಾಡಿ ಹೋಲಿಸುತ್ತೆ, "0" ಬೇರೆ "ಖಾಲಿ" ಬೇರೆ, ಹಾಗಾಗಿ ಅಲ್ಲ. ಹಸಿರು ಅಲ್ಲ ಅಂದ್ರೆ ಕೆಂಪು. ಎರರ್ ಬರೋಕೆ ಇಲ್ಲಿ ಎರರೇ ಇಲ್ಲ, ಭಾಷೆ ತನ್ನ ಕೆಲಸ ಸರಿಯಾಗೇ ಮಾಡಿದೆ. ಬಿಳಿ ಪೇಜ್ ಬಂದಿದ್ರೆ ಅವತ್ತೇ ಗೊತ್ತಾಗ್ತಿತ್ತು, ಇದು ಹನ್ನೊಂದು ದಿನ ನಗ್ತಾ ನಗ್ತಾ ಸುಳ್ಳು ಹೇಳ್ತು.

ಆದ್ರೆ ಹೋಸ್ಟಿಂಗ್‌ಗೆ ಕ್ರೆಡಿಟ್ ಕೊಡ್ಲೇಬೇಕು. ಇದೆಲ್ಲ ಅರ್ಥ ಆಗೋಕೂ ಮುಂಚೆ, ಯಜಮಾನ್ರು ಫೋನಲ್ಲಿ ಇದ್ದಾಗ್ಲೇ ಮಂಟಪದ ಡೊಮೈನಿಗೆ ಟಿಕ್ ಹಾಕಿ 7.4 ಕೊಟ್ಟೆ, "ಈಗ ನೋಡಿ ಸಾರ್" ಅಂದೆ, ಕ್ಯಾಲೆಂಡರ್ ಹಸಿರಾಗಿತ್ತು. ಯಾರ ಪರ್ಮಿಷನ್ನೂ ಬೇಡ, ಟಿಕೆಟ್ಟೂ ಬೇಡ. ಕೋಡ್ ಸರಿ ಮಾಡಿದ್ದು ಮಾರನೇ ದಿನ, ಒಂದೇ ಸಾಲು, == 0 ತೆಗೆದು === 'ಖಾಲಿ' ಅಂತ ಹಾಕಿದ್ದು. ಯಜಮಾನ್ರು ಬೈಲಿಲ್ಲ. "ಫುಲ್ಲು ಅಂತ ತೋರ್ಸಿದ್ದಕ್ಕೆ ಎದುರುಗಡೆ ಮಂಟಪದೋನು ಹೊಟ್ಟೆ ಉರ್ಕೊಂಡಿದಾನೆ ಬಿಡು" ಅಂದ್ರು. ಆ ತಿಂಗಳ ಮೆಂಟೆನೆನ್ಸ್ ದುಡ್ಡು ಮಾತ್ರ ಕೊಡ್ಲಿಲ್ಲ, ನಾನೂ ಕೇಳ್ಲಿಲ್ಲ.

ಹಾಗಾಗಿ ಒಂದಕ್ಕಿಂತ ಹೆಚ್ಚು ಸೈಟ್ ಇರೋರು ಇನ್‌ಹೆರಿಟ್ ಅನ್ನೋದನ್ನ ಹಂಗೇ ಬಿಡ್ಲೇಬೇಡಿ. ಪ್ರತಿ ಡೊಮೈನಿಗೂ ಇಂಥದ್ದೇ ಅಂತ ಕೈಯಾರೆ ಆರಿಸಿ ಅಪ್ಲೈ ಮಾಡಿ, ಈಗ ಓಡ್ತಿರೋ ವರ್ಷನ್ನೇ ಆದ್ರೂ ಸರಿ.

ಇವರದ್ದೇ ಕಿರಿಕಿರಿ ಒಂದಿದೆ, ಅದಕ್ಕೆ ಅರ್ಧ ಸ್ಟಾರ್ ಕಟ್. ವರ್ಷನ್ ಬದಲಾಯಿಸೋಕೆ ಎರಡು ಮೆನು ಇಟ್ಟಿದಾರೆ. ಮಲ್ಟಿಪಿಎಚ್‌ಪಿ ಮ್ಯಾನೇಜರ್ ಒಂದು, ಪಕ್ಕದಲ್ಲೇ ಸೆಲೆಕ್ಟ್ ಪಿಎಚ್‌ಪಿ ವರ್ಷನ್ ಅಂತ ಇನ್ನೊಂದು. ಮೊದಲನೇದು ಸಿಪ್ಯಾನೆಲ್‌ದು, ಎರಡನೇದು ಸರ್ವರಲ್ಲಿರೋ ಕ್ಲೌಡ್‌ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ದು, ಎರಡರ ಪಿಎಚ್‌ಪಿ ಪ್ಯಾಕೇಜೂ ಬೇರೆ ಬೇರೆ. ನನ್ನ ಅಕೌಂಟಲ್ಲಿ ಎರಡನೇದು ಇಡೀ ಅಕೌಂಟಿಗೆ ಒಟ್ಟಿಗೆ, ಅದೂ ಮೊದಲನೇದ್ರಲ್ಲಿ ಏನೂ ಆರಿಸದೇ ಡೀಫಾಲ್ಟಲ್ಲಿ ಬಿಟ್ಟಿರೋ ಡೊಮೈನಿಗೆ ಮಾತ್ರ ಕೆಲಸ ಮಾಡುತ್ತೆ. ಇದನ್ನ ಎಲ್ಲೂ ಬರೆದಿಲ್ಲ. ಎರಡನೇದ್ರಲ್ಲಿ 8.3 ಕೊಟ್ಟು, ಸೈಟಲ್ಲಿ 8.2ನೇ ತೋರಿಸ್ತಿದೆ ಅಂತ ಒಂದು ಗಂಟೆ ತಲೆ ಚಚ್ಕೊಂಡಿದೀನಿ. ಹಂಗೆ ಅನುಮಾನ ಬಂದ್ರೆ ಮೆನು ನಂಬ್ಬೇಡಿ, ಪಿಎಚ್‌ಪಿ ಇನ್ಫೋ ಅನ್ನೋ ಒಂದು ಸಾಲಿನ ಫೈಲ್ ಮಾಡಿ ಸೈಟಲ್ಲಿ ಹಾಕಿ ಬ್ರೌಸರಲ್ಲಿ ತೆಗೀರಿ, ನಿಜ ಅಲ್ಲಿ ಇರುತ್ತೆ. ನೋಡಿದ್ಮೇಲೆ ಡಿಲೀಟ್ ಮಾಡೋದು ಮರೀಬೇಡಿ, ಸರ್ವರಿನ ಜಾತಕ ಪೂರ್ತಿ ಅದರಲ್ಲಿ ಇರುತ್ತೆ.

ಹಾಗಂತ ಆ ಎರಡನೇ ಮೆನು ದಂಡ ಅಲ್ಲ. ಅದರಲ್ಲಿ ಎಕ್ಸ್‌ಟೆನ್ಷನ್‌ಗಳನ್ನ, ಅಂದ್ರೆ ಪಿಎಚ್‌ಪಿಗೆ ಸೇರಿಸೋ ಹೆಚ್ಚುವರಿ ಭಾಗಗಳನ್ನ, ನಾವೇ ಟಿಕ್ ಹಾಕ್ಬೋದು, ಮೊದಲನೇದ್ರಲ್ಲಿ ಅದಿಲ್ಲ. ಆದ್ರೆ ಟಿಕ್‌ಗಳು ಒಂದೊಂದು ವರ್ಷನ್‌ಗೆ ಬೇರೆ ಬೇರೆ. ಶಾಲೆ ಸೈಟನ್ನ ಇದರಡಿ ತಂದು ಹೊಸ ವರ್ಷನ್‌ಗೆ ಹೋದಾಗ ನೋಟಿಸ್ ಬೋರ್ಡ್ ಪೇಜ್ ಸತ್ತೋಯ್ತು, ಲಾಗಲ್ಲಿ ಎಂಬಿ ಸಬ್‌ಸ್ಟರ್ ಅನ್ನೋ ಫಂಕ್ಷನ್ನೇ ಇಲ್ಲ ಅಂತ. ಆ ಎಂಬಿ ಫಂಕ್ಷನ್‌ಗಳನ್ನ ಕೊಡೋ ಎಂಬಿಸ್ಟ್ರಿಂಗ್ ಅನ್ನೋ ಎಕ್ಸ್‌ಟೆನ್ಷನ್ ಟಿಕ್ ಆಗಿರ್ಲಿಲ್ಲ. ಇಂಗ್ಲಿಷ್ ಸೈಟ್ ಮಾಡೋರಿಗೆ ಇದು ಇಲ್ದೇನೂ ನಡೀಬೋದು, ನಮಗೆ ಕನ್ನಡಕ್ಕೆ ಇದು ಬೇಕೇ ಬೇಕು. ಯಾಕಂದ್ರೆ ಪಿಎಚ್‌ಪಿಯ ಸಾಮಾನ್ಯ ಸ್ಟ್ರಿಂಗ್ ಫಂಕ್ಷನ್‌ಗಳು ಬೈಟ್ ಎಣಿಸ್ತಾವೆ, ಅಕ್ಷರ ಅಲ್ಲ. "ಕನ್ನಡ" ಅನ್ನೋ ಪದ ಕೊಟ್ಟು ಉದ್ದ ಕೇಳಿದ್ರೆ 15 ಅನ್ನುತ್ತೆ, ಎಂಬಿ ಫಂಕ್ಷನ್ ಕೇಳಿದ್ರೆ 5, ನಮ್ಮೂರ ಒಂದನೇ ಕ್ಲಾಸಿನ ಮಗು ಕೇಳಿದ್ರೆ 3. ಅಕ್ಷರಗಳನ್ನ ಬೈಟಾಗಿ ಇಡೋ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್, ಒತ್ತಕ್ಷರ ಮಾಡೋ ಹಲಂತ ಚಿಹ್ನೆಗೂ (್) ಸೇರಿ. ನೂರು ಬೈಟಿಗೆ ಕತ್ತರಿಸು ಅಂದ್ರೆ ಅಕ್ಷರದ ಮಧ್ಯಕ್ಕೇ ಕತ್ತರಿ ಬೀಳುತ್ತೆ, ಕೊನೇಲಿ ಕಪ್ಪು ಡೈಮಂಡಲ್ಲಿ ಪ್ರಶ್ನೆ ಚಿಹ್ನೆ ಬರುತ್ತಲ್ಲ, ತುಂಬಾ ಕನ್ನಡ ಸೈಟಲ್ಲಿ ನೋಡಿರ್ತೀರ, ಅದು ಇದೇ.

ಆ ಹುಟ್ಟದೇ ಇರೋ 6ರ ಕಥೆನೂ ಇದೇ. ಭಾಷೆ ಒಳಗೇ ಯೂನಿಕೋಡ್ ಕೂರಿಸೋಣ, ಆಮೇಲೆ ಕನ್ನಡ ಆಗ್ಲಿ ಚೈನೀಸ್ ಆಗ್ಲಿ ಎಲ್ಲಾ ಸರಾಗ ಅಂತ ಹೊರಟಿದ್ರು, ವರ್ಷಗಟ್ಟಲೆ ಎಳೆದು 2010ರಲ್ಲಿ ಕೈ ಬಿಟ್ರು, ಅದರಲ್ಲಿದ್ದ ಬೇರೆ ಒಳ್ಳೇ ಕೆಲಸವನ್ನ 5.3, 5.4ರಲ್ಲಿ ಸೇರಿಸ್ಕೊಂಡು, ಗೊಂದಲ ಬೇಡ ಅಂತ 5.6 ಆದ್ಮೇಲೆ ನೇರ 7ಕ್ಕೆ ಹಾರಿದ್ರು. ನಮಗೆ ಸಿಕ್ಕಿದ್ದು ಒಂದು ಚೆಕ್‌ಬಾಕ್ಸು.

ಚಿಕ್ಕಮ್ಮನ ವರ್ಡ್‌ಪ್ರೆಸ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. 2024ರಲ್ಲಿ ವರ್ಡ್‌ಪ್ರೆಸ್ 6.6 ಬಂದಾಗ ಅದಕ್ಕೆ ಕನಿಷ್ಠ ಪಿಎಚ್‌ಪಿ 7.2.24 ಬೇಕು ಅಂತ ಮಾಡಿದ್ರು. ಅವರ ಸೈಟು 7.4 ಇಂದ 8.2ಕ್ಕೆ ಹಾಕಿದಾಗ ಒಂದು ಹಳೇ ಸ್ಲೈಡರ್ ಪ್ಲಗಿನ್ ಕೈ ಕೊಡ್ತು, ಕ್ರಿಟಿಕಲ್ ಎರರ್ ಅಂತ ಬಂತು. ಇಂಥ ಟೈಮಲ್ಲಿ ವರ್ಡ್‌ಪ್ರೆಸ್ ಅಡ್ಮಿನ್ ಇಮೇಲಿಗೆ ರಿಕವರಿ ಲಿಂಕ್ ಕಳಿಸುತ್ತೆ, ಒಳ್ಳೇ ವ್ಯವಸ್ಥೆ, ಆದ್ರೆ ಅಡ್ಮಿನ್ ಇಮೇಲ್ ಚಿಕ್ಕಮ್ಮಂದು, ಅದು ಅವರ ಹಳೇ ಫೋನಲ್ಲಿ ಇತ್ತು, ಆ ಫೋನು ತಮ್ಮನ ಹತ್ರ ಗೇಮ್ ಆಡೋಕೆ. ವಾಪಸ್ 7.4, ಪ್ಲಗಿನ್ ಡಿಲೀಟ್, ಮತ್ತೆ 8.2. ಐದು ನಿಮಿಷ. ಬಿಸಿಬೇಳೆಬಾತ್ ಪೇಜು ಮೊದಲಿಗಿಂತ ಬೇಗ ತೆರೀತಿದೆ ಅಂತ ಚಿಕ್ಕಮ್ಮನೇ ಹೇಳಿದ್ದು, ಸ್ಲೈಡರ್ ಹೋಗಿದ್ದಕ್ಕೋ ವರ್ಷನ್ ಏರಿದ್ದಕ್ಕೋ, ನಾನೇನೂ ಅಳತೆ ಮಾಡ್ಲಿಲ್ಲ.

ಅಪ್‌ಲೋಡ್ ಸೈಜ್ ಏರಿಸೋರಿಗೆ ಒಂದು ಮಾತು. ಪಿಎಚ್‌ಪಿಯ ಡೀಫಾಲ್ಟ್ 2 ಎಂಬಿ, ಚಿಕ್ಕಮ್ಮನ ಫೋನಿನ ಒಂದು ಫೋಟೋನೇ 6 ಎಂಬಿ. ಸಿಪ್ಯಾನೆಲ್‌ನ ಐಎನ್‌ಐ ಎಡಿಟರಲ್ಲಿ (ಪಿಎಚ್‌ಪಿ ಸೆಟ್ಟಿಂಗ್ ಬದಲಾಯಿಸೋ ಜಾಗ) ಏರಿಸಿ ಸೇವ್ ಮಾಡಿದ್ರೂ ತಕ್ಷಣ ಆಗ್ಲಿಲ್ಲ ಅಂದ್ರೆ ಗಾಬರಿ ಬೇಡ, ಆ ಸೆಟ್ಟಿಂಗ್ ಫೈಲನ್ನ ಪಿಎಚ್‌ಪಿ ಡೀಫಾಲ್ಟಾಗಿ 300 ಸೆಕೆಂಡಿಗೊಂದು ಸಲ ಮಾತ್ರ ಓದುತ್ತೆ. ನಾನು ಇದು ಗೊತ್ತಿಲ್ದೆ ಒಂದೇ ನಂಬರನ್ನ ಏಳು ಸಲ ಸೇವ್ ಮಾಡಿದೀನಿ. ಒಂದು ಸಲಕ್ಕೆ ಕಳಿಸೋ ಒಟ್ಟು ಡೇಟಾದ ಮಿತಿ, ಪೋಸ್ಟ್ ಮ್ಯಾಕ್ಸ್ ಸೈಜನ್ನೂ ಜೊತೆಗೇ ಏರಿಸ್ಬೇಕು, ಅದು ಡೀಫಾಲ್ಟ್ 8 ಎಂಬಿ.

ಇನ್ನು ಸಪೋರ್ಟ್. ಚಾಟ್ 24 ಗಂಟೆನೂ ಇದೆ, ಎರಡು ನಿಮಿಷದಲ್ಲಿ ಯಾರಾದ್ರೂ ಬರ್ತಾರೆ, ಮಾತು ಮರ್ಯಾದೆ ಎಲ್ಲಾ ಚೆನ್ನಾಗಿದೆ. ಆದ್ರೆ ಏನೇ ಕೇಳಿ, ಮೊದಲ ಉತ್ತರ ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ಸರ್. ಎರಡನೇ ಉತ್ತರ ನಮ್ಮ ಕಡೆಯಿಂದ ಸೈಟ್ ಚೆನ್ನಾಗಿ ಓಪನ್ ಆಗ್ತಿದೆ ಸರ್. ಮಂಟಪದ ಕ್ಯಾಲೆಂಡರ್ ಕೆಂಪಾಗಿದ್ದ ದಿನ ಕೇಳಿದ್ರೂ ಇದೇ ಹೇಳಿರೋರು, ಓಪನ್ ಅಂತೂ ಆಗ್ತಿತ್ತಲ್ಲ. ಮೂರನೇ ಸಲ ಕೇಳಿದ್ರೆ ಟಿಕೆಟ್ ಸೀನಿಯರ್ ಟೀಮಿಗೆ ಹೋಗುತ್ತೆ, ಅವರು ನಿಜವಾಗ್ಲೂ ಕೆಲಸ ಗೊತ್ತಿರೋರು, ನೇರ ಅವರನ್ನೇ ಹಿಡಿಯೋ ದಾರಿ ಮಾತ್ರ ಇಲ್ಲ.

ಈಗ ಒಂದು ಟಿಕೆಟ್ ಓಪನ್ ಇದೆ. ಶಾಲೆ ಸೈಟಿಂದ ದಿನಾ ಬೆಳಿಗ್ಗೆ ಆರಕ್ಕೆ ಅಟೆಂಡೆನ್ಸ್ ರಿಪೋರ್ಟ್ ಮೇಲ್ ಹೋಗ್ಬೇಕು, ಅದಕ್ಕೆ ಕ್ರಾನ್ ಜಾಬ್ (ಹೇಳಿದ ಟೈಮಿಗೆ ತಾನೇ ಓಡೋ ಕೆಲಸ) ಹಾಕಿದೀನಿ. ಸೈಟ್ 8.2ಕ್ಕೆ ಹೋದ್ಮೇಲೂ ಕ್ರಾನ್ ಮಾತ್ರ 7.4ರಲ್ಲೇ ಓಡ್ತಿತ್ತು, ಯಾಕಂದ್ರೆ ನನ್ನ ಅಕೌಂಟಲ್ಲಿ ಮೆನುವಲ್ಲಿ ಬದಲಾಯಿಸಿದ್ದು ವೆಬ್ಬಿಂದ ಬರೋ ರಿಕ್ವೆಸ್ಟಿಗೆ ಮಾತ್ರ ಅನ್ವಯಿಸ್ತು, ಕ್ರಾನಲ್ಲಿ ಬರೀ ಪಿಎಚ್‌ಪಿ ಅಂತ ಬರೆದಿದ್ದಕ್ಕೆ ಸರ್ವರಿನ ಡೀಫಾಲ್ಟ್ ಎತ್ಕೊಂಡಿತ್ತು. ಇಂಥ ವರ್ಷನ್ನೇ ಬೇಕು ಅಂದ್ರೆ ಅದರ ಪೂರ್ತಿ ಪಾತ್ ಬರೀಬೇಕು. ಬರೆದೆ. ಈಗ 8.2ರಲ್ಲೇ ಓಡ್ತಿದೆ, ಆದ್ರೆ ಮೇಲ್ ಎರಡೆರಡು ಸಲ ಹೋಗ್ತಿದೆ, ಹೆಡ್ ಮೇಡಂ ದಿನಾ ಒಂದನ್ನ ನಂಗೆ ಫಾರ್ವರ್ಡ್ ಮಾಡ್ತಿದಾರೆ. ಸಪೋರ್ಟಿನೋರು ನಿನ್ನೆ ರಿಪ್ಲೈ ಕೊಟ್ಟಿದಾರೆ, ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ಸರ್ ಅಂತ.